ಗುಂಡಿಗೆ ಕಟ್ಟಿದ ದಾರ

ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಚಿದ್ಘನ ಸ್ವಾಮಿಗಳು ಪೂರ್ವಾಶ್ರಮದಲ್ಲಿ ಹಡಗಿನ ರೇಡಿಯೋ ನೋಡಿಕೊಂಡಿದ್ದವರು. ಸಂನ್ಯಾಸಿಯಾದರೂ ರೇಡಿಯೋ ಬಿಟ್ಟಿರಲಿಲ್ಲ. ಅಳಿವೆಯಲ್ಲಿ ಸಿಕ್ಕಿಬಿದ್ದ ದೋಣಿಯವರು ಕೂಗಿದರೆ ಕೇಳಿಸಿಕೊಳ್ಳಲು ಇದ್ದದ್ದು ಅದೊಂದೇ.

ಗಾಳಿಗೆ ಆಂಟೆನಾ ಮುರಿಯಿತು. ಹೊಸದನ್ನು ಏರಿಸುವ ಕೆಲಸ ಶಿಷ್ಯ ವಾಮನನ ಪಾಲಿಗೆ ಬಂತು.

"ಮಾತಾಡೋ ಗುಂಡಿ ಒತ್ತಿ ಮೀಟರ್ ನೋಡು," ಎಂದರು ಗುರುಗಳು. "ಮುಳ್ಳು ಒಂದಕ್ಕೆ ಬಂದರೆ ಆಂಟೆನಾ ಪೂರ್ತಿ ಸರಿ, ಎರಡಕ್ಕಿಂತ ಕೆಳಗೆ ಬಂದರೂ ಸಾಕು. ಒತ್ತಿದಷ್ಟು ಹೊತ್ತು ನಮಗೇನೂ ಕೇಳಿಸೋದಿಲ್ಲ, ನೆನಪಿರಲಿ."

"ಅಷ್ಟೂ ಗೊತ್ತಿಲ್ಲವೇ ಗುರುಗಳೇ!"

ಗೊತ್ತಿತ್ತು, ಪಾಪ. ಅದೇ ಸಂಕಟ.

ನೆಲದ ಮೇಲೆ ಸರಿಯಾಗಿದ್ದ ಮುಳ್ಳು, ಆಂಟೆನಾ ಮಾಡಿನ ಮೇಲೇರಿದ್ದೇ ಮೂರಕ್ಕೆ ಜಿಗಿಯಿತು. ವಾಮನ ಆಂಟೆನಾದ ಬುಡದಲ್ಲಿದ್ದ, ಅದನ್ನು ಹೊಂದಿಸುವ ಬಳೆ ತಿರುಗಿಸಿದ, ಕೆಳಗಿಳಿದು ಗುಂಡಿ ಒತ್ತಿ ನೋಡಿದ, ಮತ್ತೆ ಹತ್ತಿದ. ಮಧ್ಯಾಹ್ನಕ್ಕೆ ಒಂದೂವರೆಗೆ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಒಂದಕ್ಕೇ ತರಬೇಕೆಂಬ ಹಟ! ಹತ್ತಿ ಇಳಿದು ಸಾಕಾಗಿ, ರೇಡಿಯೋ, ಮೀಟರ್ ಎರಡನ್ನೂ ಮೇಲೆ ಒಯ್ದ. ಗುಂಡಿ ಒತ್ತಿ, ತೆಂಗಿನ ನಾರಿನ ದಾರದಿಂದ ಬಿಗಿದು ಕಟ್ಟಿಬಿಟ್ಟ. ಕೈ ತಾಗಿದರೆ ಮುಳ್ಳು ಕದಲುತ್ತದೆಂದು ಕೋಲಿನಿಂದ ಬಳೆಯನ್ನು ಕೂದಲೆಳೆಯಷ್ಟೇ ತಳ್ಳುತ್ತ ಕೂತ.

ಮುಳ್ಳು ಒಂದಕ್ಕೆ ಬಂದಾಗ ಸಂಜೆ. ಹಿಗ್ಗಿ ಗುರುಗಳನ್ನು ಕರೆದ.

ಅವರು ಏಣಿ ಹತ್ತಿ ಬಂದರು. ಮುಳ್ಳು ನೋಡಿದರು. ದಾರವನ್ನೂ ನೋಡಿದರು.

"ಯಾರಾದರೂ ಕೂಗಿದರೇನೋ?"

"ಇಲ್ಲ ಗುರುಗಳೇ. ಮಧ್ಯಾಹ್ನದಿಂದ ಒಬ್ಬರೂ ಕೂಗಲಿಲ್ಲ."

ಹಾಗೆಂದ ಮೇಲೆಯೇ ಅವನಿಗೆ ತಾನು ಮಾಡಿದ್ದು ಹೊಳೆದದ್ದು. ಗಡಿಬಿಡಿಯಲ್ಲಿ ದಾರ ಕಿತ್ತ.

ಕೆಳಗೆ ದಂಡೆಯಲ್ಲಿ ಜನ ಓಡುತ್ತಿದ್ದರು. ಮೀನುಗಾರ ಜಟ್ಟಿಯ ದೋಣಿ ಇಂಜಿನ್ ಕೆಟ್ಟು, ತೇಲಿ ಹೋಗಿ, ಅಳಿವೆಯಲ್ಲಿ ಮಗುಚಿತ್ತು. ಜಟ್ಟಿ ಈಜಿ ಬಂದ. ಅವನ ತಮ್ಮ ಹೊನ್ನ ಬರಲಿಲ್ಲ. ಅಣ್ಣತಮ್ಮ ಇಬ್ಬರೂ ಎರಡು ತಾಸು ರೇಡಿಯೋದಲ್ಲಿ ಆಶ್ರಮವನ್ನು ಕೂಗಿದ್ದರಂತೆ.

ವಾಮನನಿಗೆ ಅನ್ನ ಸೇರದಾಯಿತು. ಒಂದೂವರೆ ಸಾಕಿತ್ತಲ್ಲ, ಸಾಕಿತ್ತಲ್ಲ ಎಂದು ಒಬ್ಬನೇ ಗೊಣಗುತ್ತಿದ್ದ.

ಐದನೆಯ ದಿನ ಜಟ್ಟಿ ತಾನಾಗಿ ಆಶ್ರಮಕ್ಕೆ ಬಂದ. ಜಗಲಿಯಲ್ಲಿ ಕೂತ. ವಾಮನ ಓಡಿಬಂದು ಅವನ ಕಾಲು ಹಿಡಿದ.

"ಜಟ್ಟಣ್ಣಾ, ನನ್ನ ಕೈಯಾರೆ ಆಯಿತು. ಹಾಳು ಮುಳ್ಳಿನ ಹುಚ್ಚು ನನಗೆ..."

"ತಮಾ," ಎಂದ ಜಟ್ಟಿ.

"ಬೇಡ, ಸಮಾಧಾನ ಹೇಳಬೇಡ! ನಾನು ಪಾಪಿ. ನನಗೆ ನಿದ್ದೆ ಇಲ್ಲ, ಊಟ ಇಲ್ಲ..."

"ತಮಾ, ಹೊನ್ನ ಕಡೇ ಗಳಿಗೆಯಲ್ಲಿ..."

"ನಾನು ಸಾಯಬೇಕಿತ್ತು ಜಟ್ಟಣ್ಣಾ, ನಾನು! ನಿನಗೆ ಹೇಗೆ ಮುಖ ತೋರಿಸಲಿ ನಾನು..."

ಜಟ್ಟಿ ಹೊಳೆಯ ಕಡೆ ನೋಡಿದ.

ಗುರುಗಳು ಎದ್ದು ಬಂದು ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ದಾರ ಬಿಚ್ಚೋ, ವಾಮನಾ. ಜಟ್ಟಿ ಆಗಿನಿಂದ ಕೂಗ್ತಿದ್ದಾನೆ."