ಪೆನ್‌ಡ್ರೈವಿನಲ್ಲಿ ಬಂದ ಹೆಣ್ಣು

ಸಂಘದ ಕಂಪ್ಯೂಟರ್ ಆನ್ ಮಾಡಿ ಕಾಫಿ ಕುಡಿದು ಬಂದರೂ ಏಳುತ್ತಿರಲಿಲ್ಲ.

"ಇದು ಇವತ್ತೇ ಓಡಬೇಕು! ಆದ್ರೆ ವಿಂಡೋಸ್ ತೆಗೆದು ಆ ಪುಕ್ಕಟೆ ಲಿನಕ್ಸ್ ಹಾಕಿದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ" ಎಂದು ಅಧ್ಯಕ್ಷ ವೀರಭದ್ರಪ್ಪ ಗುಡುಗಿದರು.

"ಹಾಕಲ್ಲ ಸಾರ್," ಎಂದಳು ಗುಮಾಸ್ತೆ. "ಕಂಪ್ಯೂಟರಿನೊಳಗೆ ಏನೂ ಮುಟ್ಟದೆ, ಲಿನಕ್ಸನ್ನ ಪೆನ್‌ಡ್ರೈವಿನಿಂದಲೇ ನಡೆಸಿ ತೋರಿಸ್ತೀನಿ. ಹೆಣ್ಣು ನೋಡೋ ಶಾಸ್ತ್ರ ಅಂದ್ಕೊಳ್ಳಿ. ನೋಡಿದ ಮಾತ್ರಕ್ಕೆ ತಾಳಿ ಕಟ್ಟಬೇಕಾ?"

ಅಧ್ಯಕ್ಷರು ಮೂಗು ಮುರಿಯುತ್ತಲೇ ಕೂತರು. ಕಂಪ್ಯೂಟರ್ ಚಕ್ಕನೆ ಎದ್ದಿತು. ಮೆನು ಅಚ್ಚ ಕನ್ನಡದಲ್ಲಿತ್ತು. ಯಾರನ್ನೂ ಕೇಳದೆ ತಾವೇ ಪತ್ರ ಟೈಪ್ ಮಾಡಿದರು. ವಾರವಿಡೀ ಅದರ ಮುಂದಿಂದ ಏಳಲೇ ಇಲ್ಲ.

ಸೋಮವಾರ ಅವಳು ಪೆನ್‌ಡ್ರೈವ್ ತೆಗೆದಿಟ್ಟಳು. ಕಂಪ್ಯೂಟರ್ ಮತ್ತೆ ಮಲಗಿತು.

"ನನ್ನ ಕಂಪ್ಯೂಟರ್ ಕೆಡಿಸಿದ್ದು ಯಾರು?"

"ಶಾಸ್ತ್ರ ಮುಗೀತಲ್ಲ ಸಾರ್, ಹೆಣ್ಣು ಒಳಗೆ ಹೋಯ್ತು."

ಅಧ್ಯಕ್ಷರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ವಾರವೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು ಈಗ ಬೇಡ ಅನ್ನೋಕಾಗುತ್ತಾ? ತಾಳಿ ಕಟ್ಟಿಸಿಬಿಡಮ್ಮ!"