ಉಪ್ಪು ತಿನ್ನುವ ಎಲೆ

ಹೊಳೆ ಕಡಲು ಸೇರುವಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಒಂದು ಗುಡಿಸಲು, ಒಂದು ಭತ್ತದ ಗದ್ದೆ, ಬೊಮ್ಮಕ್ಕನೆಂಬ ಮುದಿ ಗುರು, ಶುಕ್ರು ಎಂಬ ಶಿಷ್ಯ. ಅಷ್ಟೇ.

ಆ ವರ್ಷ ಹುಣ್ಣಿಮೆಯ ಉಬ್ಬರಕ್ಕೆ ಒಡ್ಡು ಒಡೆದು ಉಪ್ಪುನೀರು ಗದ್ದೆಗೆ ನುಗ್ಗಿತು. ಇಬ್ಬರೂ ಸೇರಿ ಒಡ್ಡು ಕಟ್ಟಿದರು. ಒಳಗೆ ಬಂದ ಉಪ್ಪು ಮಾತ್ರ ಒಳಗೇ ಉಳಿಯಿತು.

ಮೇಲೂರಿನ ದೊಡ್ಡ ಮಠದ ಪಾರುಪತ್ಯಗಾರ ದೋಣಿ ತಂದ. ಗದ್ದೆ ಸತ್ತಿತು, ಅಮ್ಮ ಮಠದ ಮೂಲೆಯಲ್ಲಿ ಆರಾಮಾಗಿ ಇರಲಿ ಅಂದ. ಬೊಮ್ಮಕ್ಕ ಕೆಮ್ಮಿ, ಉಗುಳಿ, ಸತ್ತದ್ದನ್ನು ನಾನು ಹೇಳಬೇಕು, ನೀವಲ್ಲ ಅಂದಳು. ಮುಂದಿನ ಹುಣ್ಣಿಮೆಗೆ ಪೈರು ಹಸಿರಾಗಿಲ್ಲದಿದ್ದರೆ ಹೊರಡಲೇಬೇಕೆಂದು ಹೇಳಿ ಅವನು ಹೋದ.

ಪೈರಿನ ಬುಡದ ಎಲೆಗಳಾಗಲೇ ಹಳದಿಗೆ ತಿರುಗುತ್ತಿದ್ದವು. ಶುಕ್ರುವೋ, ಚಾಪೆಯ ಅಂಚು ಸೊಟ್ಟಗಿದ್ದರೂ ತಡೆಯದವನು. ಗದ್ದೆಗಿಳಿದು ಹಳದಿ ಎಲೆಗಳನ್ನೆಲ್ಲ ಕೀಳತೊಡಗಿದ. ಅರ್ಧ ಗದ್ದೆ ಮುಗಿಯುವಾಗ ಸೊಂಟ ಬಿದ್ದುಹೋಯಿತು. ಆದರೆ ಆ ಅರ್ಧ, ದಿಬ್ಬಣ ಹೊರಡಲು ನಿಂತ ಮದುಮಗಳಂತೆ ಹೊಳೆಯುತ್ತಿತ್ತು.

ವಾರ ಕಳೆಯುವುದರೊಳಗೆ ಕಿತ್ತ ಕಡೆಯ ಎಳೆ ಎಲೆಗಳೂ ಸುಟ್ಟವು. ಕೀಳದ ಕಡೆ ಕೆಳಗೆ ಕೊಳಕು, ಮೇಲೆ ಹಸಿರು.

"ನೀರಿದೆ, ಬಿಸಿಲಿದೆ. ಇವಕ್ಕೆ ಇನ್ನೇನು ಬೇಕಂತೆ ಅಮ್ಮಾ?"

ಬೊಮ್ಮಕ್ಕ ಅವನನ್ನು ಮಧ್ಯಾಹ್ನದವರೆಗೆ ಗದ್ದೆಯಲ್ಲೇ ನಿಲ್ಲಿಸಿದಳು. ಬಾಯಾರಿತೆಂದಾಗ ಅವನ ಕಾಲಡಿಯ ನೀರನ್ನೇ ಬೊಗಸೆಯಲ್ಲಿ ಎತ್ತಿ ಕೊಟ್ಟಳು.

ಶುಕ್ರು ಗುಟುಕರಿಸಿ ಉಗುಳಿದ. ತುಟಿ ಬಿಗಿದುಕೊಂಡ.

"ಎಲೆಯೂ ಹೀಗೇ ಬಾಯಿ ಮುಚ್ಚುತ್ತದೆ ಮಗಾ, ಒಳಗಿರುವ ನೀರೂ ಹೋದೀತೆಂದು. ಬಾಯಿ ಮುಚ್ಚಿದರೆ ಗಾಳಿ ಹೊಗುವುದಿಲ್ಲ. ಬರೀ ಬಿಸಿಲಿನಲ್ಲಿ ಏನು ಅಡುಗೆ ಮಾಡೀತು? ಒಲೆ ಉರಿಯುತ್ತದೆ, ಪಾತ್ರೆ ಖಾಲಿ. ಸೀಯುತ್ತದೆ."

"ಹಾಗಾದರೆ ಕೀಳದ ಅರ್ಧ ಹೇಗೆ ಉಳಿಯಿತು?"

"ನೀನು ಕಿತ್ತ ಮುದಿ ಎಲೆ ಏನು ಮಾಡುತ್ತಿತ್ತು ಅಂದುಕೊಂಡೆ?"

"ಸಾಯುತ್ತಿತ್ತು."

"ಉಪ್ಪು ತಿನ್ನುತ್ತಿತ್ತು. ಬೇರು ಕಳಿಸಿದ್ದನ್ನೆಲ್ಲ ತಾನೇ ನುಂಗಿ, ಎಳೆಯದರ ತನಕ ಹೋಗಗೊಡುತ್ತಿರಲಿಲ್ಲ."

ಶುಕ್ರು ತನ್ನ ಕೈಗಳನ್ನು ನೋಡಿಕೊಂಡ. ಬೊಮ್ಮಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹುಣ್ಣಿಮೆಗೆ ದೋಣಿ ಬಂತು. ಪಾರುಪತ್ಯಗಾರ ಸುಟ್ಟ ಅರ್ಧವನ್ನಷ್ಟೇ ನೋಡಿದ. ಗದ್ದೆ ಬೇಕಾದರೆ ಹುಡುಗ ನೋಡಿಕೊಳ್ಳಲಿ, ಒಣಗಿದ ಜೀವ ಈ ಉಪ್ಪುಗಾಳಿಯಲ್ಲಿ ಯಾಕೆ ಎಂದು ಹೇಳುತ್ತ ಬೊಮ್ಮಕ್ಕನ ಗಂಟನ್ನು ತಾನೇ ಎತ್ತಿಕೊಂಡ.

ಶುಕ್ರು ಎಂದೂ ಹಿರಿಯರಿಗೆ ಎದುರಾಡಿದವನಲ್ಲ. ಅವತ್ತೂ ಆಡಲಿಲ್ಲ. ಗಂಟನ್ನು ಅವನ ಕೈಯಿಂದ ಕಿತ್ತುಕೊಂಡು ಗುಡಿಸಲಿನೊಳಗಿಟ್ಟು, ಬಾಗಿಲಿಗೆ ಅಡ್ಡ ನಿಂತ.

ಬೊಮ್ಮಕ್ಕ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು. ತಿರುಗಿ ನೋಡದೆ ಹೇಳಿದಳು:

"ಶುಕ್ರು, ನೀನು ಮುದಿ ಎಲೆ ಕಿತ್ತ ಕಡೆ ಇವರನ್ನು ಒಂದು ಸುತ್ತು ನಡೆಸು, ಎಳೆಯದು ಏನಾಯಿತೆಂದು ನೋಡಲಿ. ಆಮೇಲೆ ದೋಣಿ ತಿರುಗಿಸಲಿ."