ಚಂಗಿಯ ಎದೆಬಡಿತ

ಕುರಿ ಕಾಯುವ ಲಗಮವ್ವನ ಬಳಿ ಚಂಗಿ ಎಂಬ ಮುಧೋಳ ನಾಯಿ ಇತ್ತು. ತೋಳ ಬಂದರೆ ಹಿಂಡಿನ ಮುಂದೆ ಮೊದಲು ನಿಲ್ಲುತ್ತಿದ್ದುದು ಅದೇ. ಒಮ್ಮೆ ತೋಳವನ್ನು ಅಟ್ಟುವಾಗ ಮುಳ್ಳುತಂತಿ ತಗುಲಿ ಅದರ ತೊಡೆ ಸೀಳಿತು. ಲಗಮವ್ವ ಅದನ್ನು ಕಂಬಳಿಯಲ್ಲಿ ಸುತ್ತಿ, ಹೊತ್ತುಕೊಂಡೇ ಪಶು ಆಸ್ಪತ್ರೆಗೆ ಬಂದಳು.

ಅಲ್ಲಿ ಹಿರಿಯ ಡಾಕ್ಟರ್ ಸುವರ್ಣಾ ಇದ್ದರು. ಅವರ ಕೈಕೆಳಗೆ ಕಲಿಯುತ್ತಿದ್ದವನು ಹೊಸ ಡಾಕ್ಟರ್ ಫಕೀರೇಶ. ಜಾಣ. ಕೈ ಬಹಳ ಚುರುಕು. ಕೆಲವೊಮ್ಮೆ ತಲೆಗಿಂತ ಚುರುಕು.

ಗಾಯ ಆಳವಾಗಿತ್ತು, ಹೊಲಿಯಲೇಬೇಕಿತ್ತು. ಚಂಗಿಗೆ ಮಂಪರಿನ ಸೂಜಿ ಕೊಟ್ಟರು. ನಾಯಿ ಮಲಗಿತು. ಸ್ವಲ್ಪ ಹೊತ್ತಿಗೆ ಎದೆಬಡಿತ ತೋರಿಸುವ ಯಂತ್ರದ ಸದ್ದು ನಿಧಾನವಾಯಿತು. ಬಾಗಿಲಲ್ಲಿ ನಿಂತಿದ್ದ ಲಗಮವ್ವನ ಮುಖ ಬಾಡಿತು. ಫಕೀರೇಶ ಆಗಲೇ ಬಡಿತ ಏರಿಸುವ ಔಷಧಿಯ ಸಿರಿಂಜು ಹಿಡಿದಿದ್ದ.

"ಕೆಳಗಿಡು," ಎಂದರು ಸುವರ್ಣಾ. "ಬಡಿತ ಯಾಕ ಇಳೀತು?"

"ಯಾಕರ ಇಳೀಲಿ ಮೇಡಂ, ಇಳದೈತಲ್ಲ."

"ಮೊದಲ ರಕ್ತದ ಒತ್ತಡ ನೋಡು."

ನೋಡಿದ. ಒತ್ತಡ ಕುಸಿದಿರಲಿಲ್ಲ. ಏರಿತ್ತು.

"ನಾವು ಕೊಟ್ಟ ಮಂಪರಿನ ಔಷಧಿ ರಕ್ತನಾಳ ಬಿಗಿ ಮಾಡೇತಿ. ಒತ್ತಡ ಏರೇತಿ. ಅದಕ್ಕ ಎದಿ ತಾನಾಗೇ ನಿಧಾನ ಆಗೇತಿ. ಹೇರಿದ ಬಂಡಿ ಏರು ಹತ್ತುವಾಗ ಎತ್ತು ನಿಧಾನ ಹೆಜ್ಜಿ ಇಡತೈತಿ. ಆಗ ಬಾರಕೋಲು ಬೀಸಿದವಗ ಏನಂತಾರ?"

ಬಾಗಿಲಿನಿಂದ ಲಗಮವ್ವ ಹೇಳಿದಳು, "ಹುಚ್ಚ ಅಂತಾರ್ರೀ."

ಫಕೀರೇಶ ಸಿರಿಂಜು ಕೆಳಗಿಟ್ಟ.

ಆಮೇಲೆ ಅರಿವಳಿಕೆಯ ಗ್ಯಾಸ್ ಕೊಟ್ಟು ಸುವರ್ಣಾ ಹೊಲಿಗೆ ಶುರು ಮಾಡಿದರು. ಫಕೀರೇಶ ಪಕ್ಕದಲ್ಲಿ ನಿಂತು ಒತ್ತಡ, ಉಸಿರು, ಬಡಿತ ನೋಡುತ್ತಿದ್ದ.

"ಈ ತಮ್ಮ ಸುಮ್ನ ನಿಂತಾನಲ್ರೀ ಅಕ್ಕಾರ," ಎಂದಳು ಲಗಮವ್ವ.

"ಕೈ ನಿಂತೈತಿ ಯವ್ವಾ, ಕಣ್ಣು ನಿಂತಿಲ್ಲ."

ಹೊಲಿಗೆ ಮುಗಿಯುವ ಮೊದಲೇ ಬಡಿತ ಇನ್ನಷ್ಟು ಇಳಿಯಿತು. ಈ ಸಲ ಫಕೀರೇಶ ಸಿರಿಂಜಿಗೆ ಕೈ ಹಾಕಲಿಲ್ಲ. ಒತ್ತಡ ನೋಡಿದ. ಅದೂ ಬಿದ್ದಿತ್ತು. ನಾಯಿಯ ಪಾದ ಮುಟ್ಟಿದ. ತಣ್ಣಗಿತ್ತು.

"ಮೇಡಂ, ರಕ್ತನಾಳದ ಬಿಗಿ ಬಿಟ್ಟೈತಿ. ಈಗ ಎತ್ತು ಏರು ಹತ್ತಾಕತ್ತಿಲ್ಲ, ಕುಸಿಯಾಕತ್ತೈತಿ."

"ಹಂಗಾರ ಏನು ಮಾಡ್ತಿ?"

ಫಕೀರೇಶ ಗ್ಯಾಸ್ ಕಡಿಮೆ ಮಾಡಿದ. ಗಾಯಕ್ಕೆ ತಾಗದಂತೆ ಬೆಚ್ಚನೆಯ ಹೊದಿಕೆ ಹೊದಿಸಿದ. ಕಾದ. ಒತ್ತಡ ಏಳಲಿಲ್ಲ. ಆಗ ಅದೇ ಸಿರಿಂಜು ಎತ್ತಿಕೊಂಡು ಸುವರ್ಣಾರ ಮುಖ ನೋಡಿದ.

"ನನ್ನ ಮುಖ ಯಾಕ ನೋಡ್ತಿ? ನಾಯಿ ನೋಡು. ಕೊಡು."

ಕೊಟ್ಟ. ಬಡಿತ ಏರಿತು. ಒತ್ತಡವೂ ಮೆಲ್ಲಗೆ ಮೇಲೆ ಬಂತು. ಸುವರ್ಣಾ ಕಡೆಯ ಹೊಲಿಗೆ ಹಾಕಿ ದಾರ ಕತ್ತರಿಸಿದರು.

ಚಂಗಿಗೆ ಎಚ್ಚರವಾಗುವ ಹೊತ್ತಿಗೆ ಲಗಮವ್ವ ಅದರ ಕಿವಿಯ ಬಳಿ ಕುರಿ ಕರೆಯುವ ಹಾಗೆ "ಹುರ್ರ್" ಅಂದಳು. ಬಾಲ ಒಮ್ಮೆ ಅಲುಗಿತು.

ಚುಚ್ಚುವ ಕೈಗಳು ಲೋಕದಲ್ಲಿ ಬೇಕಾದಷ್ಟಿವೆ. ತಡೆದು ನಿಲ್ಲುವುದನ್ನೂ, ಹೊತ್ತು ಬಂದಾಗ ಹಿಂಜರಿಯದಿರುವುದನ್ನೂ ಒಂದೇ ಕೈಗೆ ಕಲಿಸಿದ ಸುವರ್ಣಾರಂಥ ಗುರುವಿಗೆ ನಾನು ತಲೆ ಬಾಗುತ್ತೇನೆ. ಎಲ್ಲರಿಗೂ ಬಾಗುವ ತಲೆ ನನ್ನದಲ್ಲ.

ನೀತಿ: ನಿಧಾನವೆಲ್ಲ ನಿತ್ರಾಣವಲ್ಲ. ಕಾರಣ ತಿಳಿಯದೆ ಕೊಟ್ಟ ಮದ್ದು ಪೆಟ್ಟಾಗುತ್ತದೆ. ಕಾರಣ ತಿಳಿದ ಮೇಲೂ ತಡಮಾಡಿದರೆ ಅದೂ ಪೆಟ್ಟೇ.